ಮನುಷ್ಯರಲ್ಲಿ ಕಟ್ಟಿಹಾಕುವ ಪ್ರೋಟೀನು ಮೀನಿಗೆ ಯಾಕೆ?

ಆರೋಗ್ಯದ ಸುದ್ದಿ, ಮೀನು ಸಾಕಣೆಯ ಸುದ್ದಿ ಎರಡನ್ನೂ ಓದುವವರಿಗೆ ಒಂದು ಗೊಂದಲ ಎದುರಾಗುತ್ತಿದೆ. ರೋಗನಿರೋಧಕ ಶಕ್ತಿ ಸ್ವಂತ ದೇಹದ ಮೇಲೇ ದಾಳಿ ಮಾಡುವ ಲೂಪಸ್ ಕಾಯಿಲೆಯವರಿಗೆ ಡಾಕ್ಟರು 'ಬಾಫ್' ಎನ್ನುವ ಪ್ರೋಟೀನನ್ನು ತಡೆಯುವ ಔಷಧ ಕೊಡುತ್ತಾರೆ. ಐಜಿಎ ನೆಫ್ರೋಪತಿ ಎಂಬ ಕಿಡ್ನಿ ಕಾಯಿಲೆಗೆ ಅದರ ತಮ್ಮನಂತಿರುವ 'ಏಪ್ರಿಲ್' ಎಂಬ ಪ್ರೋಟೀನನ್ನು ತಡೆಯುವ ಔಷಧಗಳ ಮೇಲೆ ಕೆಲಸ ಜೋರಾಗಿ ನಡೆದಿದೆ. ಅದೇ ಹೊತ್ತಿಗೆ ಮೀನಿನ ಲಸಿಕೆಯ ಹಿಂದೆ ಬಿದ್ದವರು ಇದೇ ಬಾಫ್, ಇದೇ ಏಪ್ರಿಲ್ ಅನ್ನು ಲಸಿಕೆಗೆ ಬೆರೆಸಿ ಮೀನಿಗೆ ಕೊಟ್ಟರೆ ಹೇಗೆ ಎಂದು ಯೋಚಿಸುತ್ತಿದ್ದಾರೆ. ಒಂದೇ ಪ್ರೋಟೀನು ಆಸ್ಪತ್ರೆಯಲ್ಲಿ ಕಳ್ಳ, ಮೀನಿನ ಹೊಂಡದಲ್ಲಿ ನೆಂಟ. ಇದು ಹೇಗೆ ಸಾಧ್ಯ?

ಎರಡೂ ಕಡೆ ಹೇಳುತ್ತಿರುವುದು ನಿಜವೇ. ಆದರೆ ಮನುಷ್ಯ ಮತ್ತು ಇಲಿಯಲ್ಲಿ ಕಲಿತ ಪಾಠವನ್ನು ಹಾಗೇ ಮೀನಿಗೆ ಹಚ್ಚಲು ಹೋದರೆ ಲೆಕ್ಕ ತಪ್ಪುತ್ತದೆ. ಯಾಕೆ ಅನ್ನುವುದಕ್ಕೆ ಮೊದಲು ಬಿ ಕೋಶದ ಬದುಕು ಹೇಗೆ ನಡೆಯುತ್ತದೆ ನೋಡಬೇಕು.

ಬದುಕಲೂ ರೇಷನ್ ಬೇಕು

ಪ್ರತಿಕಾಯ ತಯಾರಿಸುವ ಬಿಳಿ ರಕ್ತಕಣವೇ ಬಿ ಕೋಶ. ರೋಗಾಣು ಬಂದಾಗ ಅದನ್ನು ಗುರುತು ಹಿಡಿದು, ಅದಕ್ಕೆ ಅಂಟಿಕೊಳ್ಳುವ ಪ್ರತಿಕಾಯಗಳನ್ನು ರಕ್ತಕ್ಕೆ ಸುರಿಯುವುದು ಇದರ ಕೆಲಸ. ಲಸಿಕೆ ಅಂದರೆ ಈ ಕೋಶಗಳಿಗೆ ಮುಂಚಿತವಾಗಿ ರೋಗಾಣುವಿನ ಪರಿಚಯ ಮಾಡಿಸುವುದು, ಅಷ್ಟೇ.

ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ ಒಂದಿದೆ. ಬಿ ಕೋಶವನ್ನು ಅದರ ಪಾಡಿಗೆ ಬಿಟ್ಟರೆ ಅದು ಬದುಕುವುದಿಲ್ಲ, ಸಾಯುತ್ತದೆ. ಯಾರೂ ಕೊಲ್ಲಬೇಕಿಲ್ಲ. 'ಬದುಕಿರು' ಎಂಬ ಸಂದೇಶ ಹೊರಗಿನಿಂದ ಬರುತ್ತಲೇ ಇರಬೇಕು. ಅದು ನಿಂತರೆ ಕೋಶ ತನ್ನನ್ನು ತಾನೇ ಅಚ್ಚುಕಟ್ಟಾಗಿ ಮುಗಿಸಿಕೊಳ್ಳುತ್ತದೆ. ಇಲಿಯ ಮೂಳೆಮಜ್ಜೆಯಲ್ಲಿ ದಿನಕ್ಕೆ 1ರಿಂದ 2 ಕೋಟಿ ಎಳೆಯ ಬಿ ಕೋಶಗಳು ಹುಟ್ಟುತ್ತವೆ. ಗುಲ್ಮದವರೆಗೆ (ಸ್ಪ್ಲೀನ್) ತಲುಪುವುದು ಅದರಲ್ಲಿ ಸಣ್ಣ ಪಾಲು. ತಲುಪಿದ ಮೇಲೂ ಬದುಕಿನ ಗ್ಯಾರಂಟಿ ಇಲ್ಲ.

ಈ 'ಬದುಕಿರು' ಸಂದೇಶ ಹೊತ್ತು ತರುವ ಮುಖ್ಯ ಪ್ರೋಟೀನೇ ಬಾಫ್. 1999ರಲ್ಲಿ ಬೇರೆ ಬೇರೆ ಲ್ಯಾಬುಗಳು ಹೆಚ್ಚೂಕಮ್ಮಿ ಒಟ್ಟಿಗೇ ಇದನ್ನು ಕಂಡುಹಿಡಿದವು. ಹಾಗಾಗಿ ಇದಕ್ಕೆ ನಾಲ್ಕೈದು ಹೆಸರು. ಹಳೆಯ ಬರಹಗಳಲ್ಲಿ 'ಬ್ಲಿಸ್' ಅಂತ ಕಂಡರೆ ಅದೂ ಇದೇ. ಅದಕ್ಕೆ ಒಂದು ವರ್ಷ ಮೊದಲು ಸಿಕ್ಕಿದ್ದು ಏಪ್ರಿಲ್. ತಿಂಗಳಿಗೂ ಅದಕ್ಕೂ ಸಂಬಂಧ ಇಲ್ಲ, ಉದ್ದನೆಯ ಇಂಗ್ಲಿಷ್ ಹೆಸರಿನ ಅಕ್ಷರಗಳನ್ನು ಜೋಡಿಸಿ ಮಾಡಿದ ಹೆಸರು. ಇವೆರಡೂ ಟಿಎನ್‌ಎಫ್ ಎಂಬ ದೊಡ್ಡ ಪ್ರೋಟೀನ್ ಕುಟುಂಬಕ್ಕೆ ಸೇರಿದವು.

ಬಾಫ್ ಸಿಗುವುದು ಅಳತೆಯಲ್ಲಿ. ನ್ಯಾಯಬೆಲೆ ಅಂಗಡಿಯ ಅಕ್ಕಿಯ ಹಾಗೆ ಇಷ್ಟೇ ಅಂತ ಇರುತ್ತದೆ, ಸಾಲಿನಲ್ಲಿ ನಿಂತವರು ಜಾಸ್ತಿ. ಸಿಕ್ಕಿದವರು ಬದುಕುತ್ತಾರೆ. ದೇಹದಲ್ಲಿ ಒಟ್ಟು ಎಷ್ಟು ಬಿ ಕೋಶ ಇರಬೇಕು ಎನ್ನುವುದನ್ನು ಬಹುಮಟ್ಟಿಗೆ ಈ ರೇಷನ್ನೇ ನಿರ್ಧರಿಸುತ್ತದೆ. ಬಾಫ್ ಜೀನ್ ತೆಗೆದುಹಾಕಿದ ಇಲಿಗಳಲ್ಲಿ ಬಲಿತ ಬಿ ಕೋಶಗಳು ಹೆಚ್ಚೂಕಮ್ಮಿ ಇಲ್ಲವಾಗುತ್ತವೆ. ಏಪ್ರಿಲ್ ತೆಗೆದರೆ ಅಷ್ಟು ಅನಾಹುತ ಆಗುವುದಿಲ್ಲ. ಅದರ ಮುಖ್ಯ ಕೆಲಸ ಮುಂದಿನ ಹಂತದ್ದು, ಅಂದರೆ ಪ್ರತಿಕಾಯ ಸುರಿಯುವ ಪ್ಲಾಸ್ಮಾ ಕೋಶಗಳನ್ನು ತುಂಬಾ ದಿನ ಉಳಿಸಿಕೊಳ್ಳುವುದು.

ಕೋಶದ ಒಳಗೆ ನಡೆಯುವುದೇನು

ಬಿ ಕೋಶದ ಮೈಮೇಲೆ ಬಾಫ್ ಬಂದು ಕೂರುವ ಪೀಠಗಳಿವೆ. ಇವುಗಳಿಗೆ ರಿಸೆಪ್ಟರ್ ಅಂತ ಹೆಸರು. ಮೂರು ಬಗೆ ಇವೆ: ಬಾಫ್-ಆರ್, ಟಾಸಿ, ಬಿಸಿಎಂಎ. ಬಾಫ್-ಆರ್ ಮೇಲೆ ಕೂರಲು ಬಾಫ್‌ಗೆ ಮಾತ್ರ ಅವಕಾಶ. ಉಳಿದ ಎರಡರ ಮೇಲೆ ಏಪ್ರಿಲ್ ಕೂಡ ಕೂರುತ್ತದೆ.

ಮಾಮೂಲಿ ಸ್ಥಿತಿಯಲ್ಲಿ ಕೋಶದ ಒಳಗೆ 'ನಿಕ್' ಎಂಬ ಕಿಣ್ವ ಹುಟ್ಟುತ್ತಲೇ ಇರುತ್ತದೆ. 'ಟ್ರಾಫ್-3' ಎಂಬ ಇನ್ನೊಂದು ಪ್ರೋಟೀನು ಅದನ್ನು ಹುಟ್ಟಿದ ಹಾಗೇ ನಾಶಕ್ಕೆ ಕಳಿಸುತ್ತಿರುತ್ತದೆ. ಬಂದ ಕಾಗದವನ್ನೆಲ್ಲ ಗೇಟಿನಲ್ಲೇ ಹರಿದು ಹಾಕುವ ಕಾವಲುಗಾರನ ಹಾಗೆ. ಬಾಫ್ ಬಂದು ಬಾಫ್-ಆರ್ ಮೇಲೆ ಕೂತಾಗ ಈ ಕಾವಲುಗಾರನೇ ಜಾಗ ಖಾಲಿ ಮಾಡಬೇಕಾಗುತ್ತದೆ. ಆಗ ನಿಕ್ ಉಳಿಯುತ್ತದೆ, ಸೇರುತ್ತಾ ಹೋಗುತ್ತದೆ. ಅದು ಎನ್‌ಎಫ್-ಕಪ್ಪಾ-ಬಿ ಎಂಬ ಸ್ವಿಚ್ಚನ್ನು ಕೋಶಕೇಂದ್ರಕ್ಕೆ ಕಳಿಸುತ್ತದೆ. ಅಲ್ಲಿ ಸಾವನ್ನು ತಡೆಯುವ ಜೀನ್‌ಗಳು ಚಾಲೂ ಆಗುತ್ತವೆ. ಬಾಫ್ ಸಿಗದಿದ್ದರೆ ಕಾವಲುಗಾರ ವಾಪಸ್ ಬರುತ್ತಾನೆ, ಕೋಶದ ಆಯಸ್ಸು ಮುಗಿಯುತ್ತದೆ.

ಟಾಸಿಯದು ಇನ್ನೊಂದು ಗುಣ. ಇದನ್ನು ತೆಗೆದ ಇಲಿಗಳಲ್ಲಿ ಬಿ ಕೋಶ ಕಡಿಮೆ ಆಗುವ ಬದಲು ಜಾಸ್ತಿ ಆದವು. ಅಂದರೆ ಅದು ಒಂಥರಾ ಬ್ರೇಕು. ಬಾಫ್ ಜಾಸ್ತಿ ಕೊಟ್ಟರೆ ಫಲ ಜಾಸ್ತಿ ಎಂದು ನೇರವಾಗಿ ಹೇಳಲು ಆಗದಿರುವುದಕ್ಕೆ ಇದೊಂದು ಕಾರಣ.

ಜಾಸ್ತಿಯಾದರೆ ಲೂಪಸ್

ಹುಟ್ಟುವ ಬಿ ಕೋಶಗಳಲ್ಲಿ ಒಂದಷ್ಟು ಸ್ವಂತ ದೇಹವನ್ನೇ ಶತ್ರು ಎಂದು ಹಿಡಿಯುತ್ತವೆ. ಸಾಲಿನಲ್ಲಿ ಇವು ಹಿಂದೆ ಬೀಳುತ್ತವೆ, ರೇಷನ್ ಸಿಗದೆ ಸಾಯುತ್ತವೆ. ಆದರೆ ರೇಷನ್ ಯಥೇಚ್ಛವಾದರೆ? ಸಾಯಬೇಕಾದವೂ ಉಳಿದುಕೊಳ್ಳುತ್ತವೆ. ಬಾಫ್ ಅತಿಯಾಗಿ ತಯಾರಾಗುವ ಹಾಗೆ ಮಾಡಿದ ಇಲಿಗಳಿಗೆ ಲೂಪಸ್‌ನಂಥ ಕಾಯಿಲೆ ಬಂತು. ಲೂಪಸ್ ರೋಗಿಗಳಲ್ಲಿ ಹಲವರ ರಕ್ತದಲ್ಲೂ ಬಾಫ್ ಜಾಸ್ತಿ. ಆ ದಾರಿಯಲ್ಲೇ ಬಂದದ್ದು ಬಾಫ್ ತಡೆಯುವ ಬೆಲಿಮುಮಾಬ್ ಎಂಬ ಔಷಧ. 2011ರ ಮಾರ್ಚ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದಕ್ಕೆ ಒಪ್ಪಿಗೆ ಕೊಟ್ಟಾಗ, ಲೂಪಸ್‌ಗೆ 50ಕ್ಕೂ ಹೆಚ್ಚು ವರ್ಷಗಳ ನಂತರ ಬಂದ ಹೊಸ ಔಷಧ ಎಂದು ದೊಡ್ಡ ಸುದ್ದಿಯಾಗಿತ್ತು. ಆಸ್ಪತ್ರೆ ಕಡೆಯ ಕಥೆ ಇಷ್ಟು.

ಮೀನಿಗೆ ಮೂಳೆಮಜ್ಜೆಯೇ ಇಲ್ಲ

ಈಗ ನೀರಿಗೆ ಇಳಿಯೋಣ. ಮೀನಿನ ಮೂಳೆಯೊಳಗೆ ನಮ್ಮ ಹಾಗೆ ರಕ್ತ ಹುಟ್ಟಿಸುವ ಮಜ್ಜೆ ಇಲ್ಲ. ಆ ಕೆಲಸವನ್ನು ಕಿಡ್ನಿಯ ಮುಂಭಾಗ ಮಾಡುತ್ತದೆ. ಮೀನು ಸೀಳಿದಾಗ ಬೆನ್ನುಮೂಳೆಗೆ ಅಂಟಿಕೊಂಡು ಕಡುಗೆಂಪು ಪಟ್ಟಿಯೊಂದು ಕಾಣುತ್ತದಲ್ಲ, ಅಡುಗೆಗೆ ಮೊದಲು ಉಗುರಿನಿಂದ ಕೆರೆದು ತೆಗೆಯುವುದು, ಅದೇ ಕಿಡ್ನಿ. ತಲೆಯ ಹತ್ತಿರದ ಅದರ ತುದಿಯೇ ಬಿ ಕೋಶಗಳ ತವರು. ಅಲ್ಲಿಂದ ಅವು ಗುಲ್ಮಕ್ಕೆ, ಕರುಳಿಗೆ, ಕಿವಿರಿಗೆ, ಚರ್ಮದ ಲೋಳೆಯವರೆಗೆ ಹೋಗುತ್ತವೆ.

ನಮ್ಮ ಕುತ್ತಿಗೆಯಲ್ಲಿ, ಕಂಕುಳಲ್ಲಿ ಇರುವಂಥ ದುಗ್ಧಗ್ರಂಥಿಗಳೂ ಮೀನಿಗಿಲ್ಲ. ಬಿ ಕೋಶಗಳು ಪೈಪೋಟಿಗೆ ಬಿದ್ದು ಒಳ್ಳೆಯ ಪ್ರತಿಕಾಯಗಳನ್ನು ಆರಿಸಿಕೊಳ್ಳುವ 'ಜರ್ಮಿನಲ್ ಸೆಂಟರ್' ಎಂಬ ಜಾಗಗಳೂ ಮೀನಿನಲ್ಲಿ ಇಲ್ಲ ಎಂದೇ ಬಹಳ ಕಾಲ ನಂಬಲಾಗಿತ್ತು. 2023ರ ಕೊನೆಯಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ತಂಡ ಟ್ರೌಟ್ ಮೀನಿನ ಗುಲ್ಮದಲ್ಲಿ ಅಂಥದ್ದೇ ಗುಂಪುಗಳನ್ನು ತೋರಿಸಿತು. ಅಂದರೆ ಮೀನಿನ ವಿಷಯದಲ್ಲಿ ಪಠ್ಯಪುಸ್ತಕದ ಮೂಲ ಸಾಲುಗಳೇ ಈಗಲೂ ಬದಲಾಗುತ್ತಿವೆ.

ಇನ್ನೂ ಎರಡು ವ್ಯತ್ಯಾಸ ಗಮನಿಸಬೇಕು. ಮೀನಿನ ಬಿ ಕೋಶಗಳಲ್ಲಿ ಮುಖ್ಯವಾಗಿ ಎರಡು ಜಾತಿ: ಐಜಿಎಂ ಎಂಬ ಪ್ರತಿಕಾಯ ಮಾಡುವವು, ಐಜಿಟಿ ಎಂಬುದನ್ನು ಮಾಡುವವು. ಐಜಿಟಿ ಸಿಕ್ಕಿದ್ದೇ 2005ರಲ್ಲಿ. ಜೀಬ್ರಾ ಮೀನು, ಗೆಂಡೆಯಂಥ ಮೀನುಗಳಲ್ಲಿ ಇದಕ್ಕೆ ಐಜಿಜಡ್ ಅನ್ನುತ್ತಾರೆ. 2010ರಲ್ಲಿ ಇದು ಕರುಳಿನ ಕಾವಲಿಗೆ ಮೀಸಲಾದ ಪ್ರತಿಕಾಯ ಎಂದು ಗೊತ್ತಾಯಿತು. ಎರಡನೆಯದು ಇನ್ನೂ ಸ್ವಾರಸ್ಯದ್ದು. ಮೀನಿನ ಬಿ ಕೋಶ ಬ್ಯಾಕ್ಟೀರಿಯಾವನ್ನು ಹಿಡಿದು ನುಂಗುತ್ತದೆ! 2006ರಲ್ಲಿ ಇದು ಪ್ರಕಟವಾದಾಗ ಬಹಳ ಜನ ಹುಬ್ಬೇರಿಸಿದ್ದರು. ನುಂಗುವುದು ಬೇರೆ ಬಿಳಿಕಣಗಳ ಕೆಲಸ, ಬಿ ಕೋಶದ್ದಲ್ಲ ಅಂತಲೇ ಆಗ ಕಲಿಸುತ್ತಿದ್ದದ್ದು.

ಹಾಗಾಗಿ ಮೀನಿನಲ್ಲಿ ಬಿ ಕೋಶದ ಆಯಸ್ಸು ಹೆಚ್ಚಿಸಿದರೆ ಹೆಚ್ಚುವುದು ಪ್ರತಿಕಾಯ ಮಾತ್ರ ಅಲ್ಲ, ನುಂಗುವ ಬಾಯಿಗಳೂ ಹೆಚ್ಚಬಹುದು.

ಗಾಜಿನ ತಟ್ಟೆಯಲ್ಲಿ ಕಂಡದ್ದು

ಮೀನಿನ ಬಾಫ್ ಬಗ್ಗೆ ಒಳ್ಳೆಯ ಕೆಲಸ ಬಂದಿರುವುದು ಸ್ಪೇನಿನ ಮ್ಯಾಡ್ರಿಡ್‌ನಿಂದ. ಅಲ್ಲಿನ ಸರ್ಕಾರಿ ಕೃಷಿ ಸಂಶೋಧನಾ ಸಂಸ್ಥೆ ಇನಿಯಾದ ಕರೋಲಿನಾ ತಫಾಯಾ ಅವರ ತಂಡ ಇಟ್ಟುಕೊಂಡದ್ದು ರೇನ್‌ಬೋ ಟ್ರೌಟ್ ಮೀನು. ನಮ್ಮಲ್ಲಿ ಹಿಮಾಚಲ, ಕಾಶ್ಮೀರದ ತಣ್ಣೀರಿನಲ್ಲಿ ಸಾಕುವುದು ಇದನ್ನೇ.

ಇಂಥ ಪ್ರಯೋಗ ನೋಡಲು ಸರಳ. ಮೀನಿನ ಗುಲ್ಮವನ್ನು ಸಣ್ಣ ಜಾಲರಿಯ ಮೇಲಿಟ್ಟು ಒತ್ತಿ ಕೋಶಗಳನ್ನು ಬಿಡಿಸುತ್ತಾರೆ. ಸಾಂದ್ರತೆ ಬೇರೆ ಬೇರೆ ಇರುವ ದ್ರಾವಣದಲ್ಲಿ ತಿರುಗಿಸಿ ಕೆಂಪು ಕಣಗಳನ್ನು ಬೇರೆ ಮಾಡುತ್ತಾರೆ. ಉಳಿದ ಬಿಳಿಕಣಗಳನ್ನು ಸಣ್ಣ ಸಣ್ಣ ಗುಳಿಗಳಿರುವ ತಟ್ಟೆಗೆ ಹಾಕುತ್ತಾರೆ. ಟ್ರೌಟ್ ತಣ್ಣೀರಿನ ಮೀನಾದ್ದರಿಂದ ತಟ್ಟೆಯನ್ನೂ ತಂಪಾಗಿಯೇ ಇಡಬೇಕು. ಮನುಷ್ಯರ ಕೋಶಗಳಂತೆ 37 ಡಿಗ್ರಿಗೆ ಇಟ್ಟರೆ ಕಥೆ ಮುಗಿಯಿತು. ಅರ್ಧ ಗುಳಿಗಳಿಗೆ ಲ್ಯಾಬಿನಲ್ಲಿ ತಯಾರಿಸಿದ ಟ್ರೌಟ್ ಬಾಫ್ ಹಾಕುತ್ತಾರೆ, ಇನ್ನರ್ಧಕ್ಕೆ ಇಲ್ಲ. ಕೆಲವು ದಿನ ಬಿಟ್ಟು ಎಷ್ಟು ಐಜಿಎಂ ಕೋಶಗಳು ಜೀವಂತ ಇವೆ ಎಂದು ಯಂತ್ರದಲ್ಲಿ ಎಣಿಸುತ್ತಾರೆ.

2017ರಲ್ಲಿ ಆ ತಂಡ ಹೇಳಿದ್ದು ಇದು: ಬಾಫ್ ಸಿಕ್ಕ ಕಡೆ ಐಜಿಎಂ ಕೋಶಗಳು ಹೆಚ್ಚು ಉಳಿದವು. ಹೆಚ್ಚು ಐಜಿಎಂ ಸುರಿದವು. ರೋಗಾಣುವಿನ ತುಣುಕನ್ನು ಎತ್ತಿ ಬೇರೆ ಕೋಶಗಳಿಗೆ ತೋರಿಸುವ ಎಂಎಚ್‌ಸಿ-2 ಎಂಬ ಪ್ರೋಟೀನೂ ಅವುಗಳ ಮೈಮೇಲೆ ಹೆಚ್ಚಾಯಿತು. ಮರುವರ್ಷ ಏಪ್ರಿಲ್ ಮೇಲೂ ಇಂಥದ್ದೇ ಕೆಲಸ ಬಂತು. ಅದೂ ಐಜಿಎಂ ಕೋಶಗಳ ಆಯಸ್ಸು ಹೆಚ್ಚಿಸಿತು. ಒಟ್ಟಿನಲ್ಲಿ 'ಬದುಕಿರು' ಸಂದೇಶ ಮೀನಿನಲ್ಲೂ ಅದೇ ಭಾಷೆಯಲ್ಲಿದೆ. ಇಲ್ಲಿಯವರೆಗೆ ಅಚ್ಚರಿ ಏನಿಲ್ಲ.

ತನ್ನ ಊಟ ತಾನೇ ಬೇಯಿಸಿಕೊಳ್ಳುವ ಕೋಶ

ಅಚ್ಚರಿ ಅದೇ 2017ರ ಕೆಲಸದ ಇನ್ನೊಂದು ಭಾಗದಲ್ಲಿದೆ. ಸುದ್ದಿಗಳಲ್ಲಿ ಇದು ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ, ಆದರೆ ಇಡೀ ವಿಷಯದ ಗಂಟು ಇರುವುದು ಇಲ್ಲೇ.

ಮನುಷ್ಯರಲ್ಲಿ, ಇಲಿಗಳಲ್ಲಿ ಬಾಫ್ ತಯಾರಿಸುವುದು ಬೇರೆಯವರು. ಮ್ಯಾಕ್ರೋಫೇಜ್‌ನಂಥ ಬಿಳಿಕಣಗಳು, ಗುಲ್ಮದ ಹಂದರದಂಥ ಕೋಶಗಳು. ಬಿ ಕೋಶ ಬರೀ ತಿನ್ನುವ ಗಿರಾಕಿ. ಅಡುಗೆಮನೆ ಬೇರೆ, ಪಂಕ್ತಿ ಬೇರೆ. ಈ ಏರ್ಪಾಡಿಗೆ ಅರ್ಥ ಇದೆ. ತಿನ್ನುವವನ ಕೈಗೇ ಸೌಟು ಕೊಟ್ಟರೆ ಅಳತೆ ಉಳಿಯುವುದಿಲ್ಲ, ಅಲ್ವಾ? ಮನುಷ್ಯರಲ್ಲಿ ಬಿ ಕೋಶವೇ ಬಾಫ್ ತಯಾರಿಸಿಕೊಳ್ಳುವುದು ಕಂಡದ್ದು ಹೆಚ್ಚಾಗಿ ಕೆಲವು ರಕ್ತ ಕ್ಯಾನ್ಸರ್‌ಗಳಲ್ಲಿ, ಸ್ವಂತ ದೇಹದ ಮೇಲೇ ದಾಳಿ ಮಾಡುವ ಕಾಯಿಲೆಗಳಲ್ಲಿ.

ಟ್ರೌಟ್ ಮೀನಿನಲ್ಲಿ ಹಾಗಲ್ಲ. ಯಾವ ಕಾಯಿಲೆಯೂ ಇಲ್ಲದ ಆರೋಗ್ಯವಂತ ಮೀನಿನ ಗುಲ್ಮದಲ್ಲೇ ಐಜಿಎಂ ಬಿ ಕೋಶಗಳ ಒಂದು ಗುಂಪು ಸದಾ ಬಾಫ್ ತಯಾರಿಸುತ್ತಿರುತ್ತದೆ. ನಮ್ಮಲ್ಲಿ ರೋಗದ ಗುರುತಾಗಿರುವುದು ಅವುಗಳಲ್ಲಿ ದಿನನಿತ್ಯದ ಸಂಗತಿ. ಮೀನು ಒಂದೇ ಅಲ್ಲ. ಕೋಳಿಯಲ್ಲೂ ಬಿ ಕೋಶಗಳು ಬೆಳೆಯುವ 'ಬರ್ಸಾ' ಎಂಬ ಚೀಲದಲ್ಲಿ ಆ ಕೋಶಗಳೇ ಬಾಫ್ ತಯಾರಿಸುತ್ತವೆ. ಕೋಳಿಗೆ ಏಪ್ರಿಲ್ ಜೀನೇ ಇಲ್ಲ. ಹಾಗಾದರೆ ಅಡುಗೆಮನೆ-ಪಂಕ್ತಿ ಬೇರೆ ಮಾಡುವ ನಮ್ಮ ಪದ್ಧತಿಯೇ ಆಮೇಲೆ ಬಂದದ್ದು ಇರಬಹುದು. ಇದು ಊಹೆ, ಆದರೆ ಹುಸಿ ಊಹೆ ಅಲ್ಲ.

ಇದರ ಪರಿಣಾಮ ದೊಡ್ಡದು. ಒಂದು: ಮೀನಿನಲ್ಲಿ ರೇಷನ್ ಲೆಕ್ಕ ಬೇರೆ. ತನ್ನ ಬಾಫ್ ತಾನೇ ಮಾಡಿಕೊಳ್ಳುವ ಕೋಶಕ್ಕೆ ಹೊರಗಿನ ಬಾಫ್ ಸುರಿದರೆ ಎಷ್ಟು ಪ್ರಯೋಜನ? ಎರಡು: ಮೀನಿಗೆ ತನ್ನದೇ ಆದ ಬ್ರೇಕು ಇರಲೇಬೇಕು. ಅದರ ಸುಳಿವು ಅದೇ ಪ್ರಯೋಗದಲ್ಲಿ ಸಿಕ್ಕಿತು. ಟ್ರೌಟ್‌ಗೆ ವಿಎಚ್‌ಎಸ್ ಎಂಬ ವೈರಸ್ ಸೋಂಕು ಹತ್ತಿಸಿದಾಗ ಬಿ ಕೋಶಗಳಲ್ಲಿ ಬಾಫ್ ತಯಾರಿ ಹೆಚ್ಚಿತು. ಅದೇ ಹೊತ್ತಿಗೆ ಬಾಫ್-ಆರ್ ಪೀಠದ ತಯಾರಿ ಇಳಿಯಿತು. ಊಟ ಜಾಸ್ತಿ ಬಂತು, ಎಲೆ ಕಡಿಮೆ ಹಾಸಿದರು. ಸಂದೇಶ ಮಿತಿಮೀರದಂತೆ ಕೋಶವೇ ಬಾಗಿಲು ಓರೆ ಮಾಡಿದ ಹಾಗೆ.

ಮೂರನೆಯದು ಬಾಮ್

ತಲೆನೋವಿಗೆ ಹಚ್ಚುವುದಲ್ಲ. ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು 2007ರಲ್ಲಿ ಟ್ರೌಟ್‌ನ ಟಿಎನ್‌ಎಫ್ ಕುಟುಂಬವನ್ನು ಜಾಲಾಡುವಾಗ ಬಾಫ್, ಏಪ್ರಿಲ್ ಎರಡನ್ನೂ ಹೋಲುವ, ಆದರೆ ಎರಡೂ ಅಲ್ಲದ ಇನ್ನೊಂದು ಜೀನ್ ಸಿಕ್ಕಿತು. 'ಬಾಫ್ ಮತ್ತು ಏಪ್ರಿಲ್‌ನಂತಿರುವ ಅಣು' ಎನ್ನುವ ಹೆಸರನ್ನು ಚಿಕ್ಕದು ಮಾಡಿ ಬಾಮ್ ಅಂದರು. ಮನುಷ್ಯರಲ್ಲಿ ಇದಿಲ್ಲ.

ಇದು ಮೀನು ಹೊಸದಾಗಿ ಮಾಡಿಕೊಂಡದ್ದೋ, ನಾವು ಕಳೆದುಕೊಂಡದ್ದೋ? ಮೊದಲು ಹೆಚ್ಚಿನವರು ಇದು ಮೀನಿನ ವಿಶೇಷ ಎಂದುಕೊಂಡಿದ್ದರು. ಆಮೇಲೆ ಶಾರ್ಕ್ ಗುಂಪಿನ ಮೀನುಗಳಲ್ಲೂ ಬಾಮ್ ಕಂಡಿತು. ಶಾರ್ಕ್‌ಗಳು ಉಳಿದ ಮೀನುಗಳಿಂದ ಕವಲೊಡೆದು 40 ಕೋಟಿ ವರ್ಷಕ್ಕೂ ಜಾಸ್ತಿ ಆಗಿದೆ. ಹಾಗಾಗಿ ದವಡೆಯಿರುವ ಎಲ್ಲ ಪ್ರಾಣಿಗಳ ಪೂರ್ವಜನಲ್ಲೇ ಏಪ್ರಿಲ್ ತರಹದ ಎರಡು ಜೀನ್ ಇದ್ದವು, ನೆಲಕ್ಕೆ ಬಂದ ನಮ್ಮ ಕವಲು ಒಂದನ್ನು ಬಿಟ್ಟಿತು ಎಂಬ ವಾದ ಈಗ ಬಲವಾಗಿದೆ. ಎಲ್ಲ ಮೀನಿನಲ್ಲೂ ಮೂರೂ ಇರಬೇಕೆಂದಿಲ್ಲ. ಕೆಲವು ಜಾತಿ ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಬಿಟ್ಟಿವೆ.

ಇದು ಬರೀ ವಂಶಾವಳಿ ಜಗಳ ಅಲ್ಲ. ಟ್ರೌಟ್‌ನಲ್ಲಿ ಏಪ್ರಿಲ್ ಮಾಡುವ ಕೆಲಸವನ್ನು ಬೇರೊಂದು ಮೀನಿನಲ್ಲಿ ಬಾಮ್ ಮಾಡುತ್ತಿರಬಹುದು. ಆಗ ಟ್ರೌಟ್‌ಗೆ ಬರೆದ ಔಷಧದ ಚೀಟಿ ಆ ಮೀನಿಗೆ ನಡೆಯುವುದಿಲ್ಲ. ಮೀನು ಅನ್ನುವುದು ಒಂದು ಪ್ರಾಣಿಯಲ್ಲ. 30 ಸಾವಿರಕ್ಕೂ ಹೆಚ್ಚು ಜಾತಿಗಳಿವೆ. ಟ್ರೌಟ್‌ಗೂ ರೋಹುವಿಗೂ ಇರುವ ದೂರ ಇಲಿಗೂ ಆನೆಗೂ ಇರುವ ದೂರಕ್ಕಿಂತ ಎಷ್ಟೋ ಜಾಸ್ತಿ.

ಬೆರೆಸೋಣ ಅನ್ನುವವರ ಮಾತು

ಲಸಿಕೆಗೆ ಬಾಫ್ ಬೆರೆಸೋಣ ಅನ್ನುವವರ ವಾದ ಹೀಗೆ. ಮೀನಿನ ಲಸಿಕೆ ಕೆಲಸ ಮಾಡುತ್ತದೆ ಅನ್ನುವುದಕ್ಕೆ ನಾರ್ವೆ ಸಾಕ್ಷಿ. 1987ರಲ್ಲಿ ಅಲ್ಲಿನ ಸಾಲ್ಮನ್ ಸಾಕಣೆಗೆ ಸುಮಾರು 50 ಟನ್ ಆಂಟಿಬಯೋಟಿಕ್ ಬಳಸಿದ್ದರು. ಎಣ್ಣೆ ಬೆರೆಸಿದ ಲಸಿಕೆ ಬಂದ ಮೇಲೆ, 90ರ ದಶಕದ ಮಧ್ಯಕ್ಕೆ ಅದು ಒಂದೆರಡು ಟನ್ನಿಗೆ ಇಳಿಯಿತು. ಸಾಲ್ಮನ್ ಉತ್ಪಾದನೆ ಮಾತ್ರ ಆ ಹೊತ್ತಿಗೆ ಹಲವು ಪಟ್ಟು ಹೆಚ್ಚಿತ್ತು.

ಆದರೆ ಆ ಲಸಿಕೆಯ ಬಲ ಇರುವುದು ಎಣ್ಣೆಯಲ್ಲಿ. ರೋಗಾಣುವಿನ ಸತ್ತ ಕಣಗಳನ್ನು ಎಣ್ಣೆ ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುತ್ತದೆ. ಜೊತೆಗೆ ಹೊಟ್ಟೆಯೊಳಗೆ ಉರಿಯೂತ ಎಬ್ಬಿಸುತ್ತದೆ. ಸೈಡ್ ಎಫೆಕ್ಟೂ ಅಲ್ಲೇ: ಕರುಳು, ಲಿವರ್, ಹೊಟ್ಟೆಯ ಗೋಡೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಮೀನಿನ ಬೆಳವಣಿಗೆ ಕುಂಠಿತವಾಗುತ್ತದೆ. ಎಣ್ಣೆ ಇಲ್ಲದ ಲಸಿಕೆ, ಮುಳುಗಿಸಿ ಕೊಡುವ ಲಸಿಕೆ, ಆಹಾರದಲ್ಲಿ ಕೊಡುವ ಲಸಿಕೆ ಇವೆಲ್ಲ ಮೃದು, ಆದರೆ ದುರ್ಬಲ. ಪ್ರತಿಕಾಯ ಬರುತ್ತದೆ, ಬೇಗ ಇಳಿದೂ ಹೋಗುತ್ತದೆ. ಇಲ್ಲಿ ಎಣ್ಣೆಯ ಒರಟು ಪೆಟ್ಟಿನ ಬದಲು ಬಾಫ್, ಏಪ್ರಿಲ್ ಅನ್ನು ಬಳಸಿದರೆ ಬೇಕಾದ ಕೋಶವನ್ನಷ್ಟೇ ಉಳಿಸಿಕೊಳ್ಳಬಹುದು ಅನ್ನುವುದು ಆಸೆ. ಟ್ರೌಟ್‌ನ ಹೊಟ್ಟೆಯ ಕುಹರಕ್ಕೆ ವೈರಸ್ ಚುಚ್ಚಿದಾಗ ಅಲ್ಲಿ ಬಾಫ್-ಏಪ್ರಿಲ್ ವ್ಯವಸ್ಥೆ ಚುರುಕಾಗುವುದು ಕಂಡಿದೆ. ಲಸಿಕೆ ಚುಚ್ಚುವುದೂ ಅಲ್ಲಿಗೇ ಆದ್ದರಿಂದ ಈ ಆಸೆಗೆ ಆಧಾರ ಇಲ್ಲದಿಲ್ಲ.

ತಡೀರಿ ಅನ್ನುವವರ ಮಾತು

ಎದುರು ವಾದಕ್ಕೆ ನನ್ನ ಕಣ್ಣಿಗೆ ತೂಕ ಸ್ವಲ್ಪ ಜಾಸ್ತಿ ಕಾಣುತ್ತದೆ.

ಅತಿಯಾದ ಬಾಫ್ ಇಲಿಗೆ ಲೂಪಸ್ ತಂದಿತ್ತು. ಮೀನಿಗೆ ಅಂಥ ಕಾಯಿಲೆ ಬರುತ್ತದಾ? ಬರುತ್ತದೆ. ಎಣ್ಣೆ ಲಸಿಕೆ ಹಾಕಿಸಿಕೊಂಡ ನಾರ್ವೆಯ ಸಾಲ್ಮನ್‌ಗಳಲ್ಲಿ ಸ್ವಂತ ದೇಹದ ವಿರುದ್ಧವೇ ಪ್ರತಿಕಾಯಗಳು ಕಂಡವು ಎಂದು 2008ರಲ್ಲಿ ವರದಿಯಾಯಿತು. ಅಲ್ಲಿ ಬಾಫ್ ಯಾರೂ ಬೆರೆಸಿರಲಿಲ್ಲ. ಬರೀ ಎಣ್ಣೆಯಿಂದಲೇ ಹಾಗಾದರೆ, ಸಾಯಬೇಕಾದ ಕೋಶಗಳನ್ನು ಉಳಿಸುವ ಪ್ರೋಟೀನನ್ನೇ ಕೊಟ್ಟರೆ ಏನಾದೀತು ಎಂಬ ಪ್ರಶ್ನೆ ಸುಮ್ನೆ ಹೆದರಿಸುವ ಮಾತಲ್ಲ.

ಎರಡನೆಯ ತಕರಾರು ಗುರಿಯದು. ಬಾಫ್‌ಗೆ ಲಸಿಕೆಯ ಗುರುತು ಹಿಡಿದ ಕೋಶ ಯಾವುದು, ಸುಮ್ಮನೆ ನಿಂತ ಕೋಶ ಯಾವುದು ಗೊತ್ತಾಗುವುದಿಲ್ಲ. ಸಾಲಿನಲ್ಲಿರುವ ಎಲ್ಲರಿಗೂ ಬಡಿಸುತ್ತದೆ. ಒಟ್ಟು ಐಜಿಎಂ ಜಾಸ್ತಿ ಆಯಿತು ಅಂದರೆ ಆ ಒಂದು ರೋಗದ ವಿರುದ್ಧ ಕೆಲಸ ಮಾಡುವ ಐಜಿಎಂ ಜಾಸ್ತಿ ಆಯಿತು ಅಂತ ಅರ್ಥ ಅಲ್ಲ.

ಮೂರನೆಯದು, ತಟ್ಟೆಯ ಫಲಿತಾಂಶ ಮೀನಲ್ಲ. ತಟ್ಟೆಯಲ್ಲಿ ಕೋಶಕ್ಕೆ ಬೇರೆ ಆಸರೆ ಇಲ್ಲ, ಹಾಗಾಗಿ ಬಾಫ್‌ನ ಉಪಕಾರ ಎದ್ದು ಕಾಣುತ್ತದೆ. ಮೀನಿನೊಳಗೆ ಅವು ತಾವೇ ಬಾಫ್ ಮಾಡಿಕೊಳ್ಳುತ್ತಿರುತ್ತವೆ, ಬೇಕೆಂದಾಗ ಪೀಠವನ್ನೂ ಕಡಿಮೆ ಮಾಡಿಕೊಳ್ಳುತ್ತವೆ. ಮೇಲಾಗಿ ಈವರೆಗಿನ ಕೆಲಸದಲ್ಲಿ ಹೆಚ್ಚಿನದು ಗುಲ್ಮದ ಐಜಿಎಂ ಕೋಶಗಳ ಮೇಲೆ. ಆದರೆ ರೋಗಾಣು ಮೀನಿಗೆ ನುಗ್ಗುವುದು ಕಿವಿರಿನಿಂದ, ಕರುಳಿನಿಂದ, ಚರ್ಮದಿಂದ. ಅಲ್ಲಿ ಕಾವಲಿರುವುದು ಐಜಿಟಿ.

ನಮ್ಮ ಹೊಂಡಕ್ಕೆ ಬಂದರೆ

ನಾರ್ವೆಯಲ್ಲಿ ಪ್ರತಿ ಸಾಲ್ಮನ್ ಮರಿಗೂ ಇಂಜೆಕ್ಷನ್ ಕೊಡುತ್ತಾರೆ, ಯಂತ್ರಗಳೂ ಇವೆ. ಒಂದೊಂದು ಮೀನೂ ದುಬಾರಿಯಾದ್ದರಿಂದ ಖರ್ಚು ಗಿಟ್ಟುತ್ತದೆ. ನಮ್ಮ ಕೆರೆಗೆ ಬಿಡುವ ಕಾಟ್ಲಾ, ರೋಹು, ಮೃಗಾಲ್ ಬಿತ್ತನೆ ಮರಿಗಳನ್ನು ಸಾವಿರದ ಲೆಕ್ಕದಲ್ಲಿ ಕೊಳ್ಳುತ್ತಾರೆ. ಒಂದೊಂದನ್ನೇ ಮಂಪರು ಬರಿಸಿ, ಅಂಗೈಯಲ್ಲಿ ಹೊಟ್ಟೆ ಮೇಲೆ ಮಾಡಿ ಹಿಡಿದು, ಸೂಜಿ ಹಾಕುವುದು ಆಗುಹೋಗುವ ಮಾತಲ್ಲ. ದುಬಾರಿ ಮೀನಿಗೆ ಬೇಕಾದರೆ ಆಗಬಹುದು. ಚೆನ್ನೈನ ಕೇಂದ್ರೀಯ ಹಿನ್ನೀರು ಮೀನು ಸಂಶೋಧನಾ ಸಂಸ್ಥೆ ಸಿಬಾ, ಸೀಬಾಸ್‌ನಂಥ ಮೀನುಗಳ ನರಗಳಿಗೆ ಬರುವ ನೋಡಾವೈರಸ್ ರೋಗಕ್ಕೆ 'ನೋಡವ್ಯಾಕ್-ಆರ್' ಎಂಬ ಲಸಿಕೆ ತಯಾರಿಸಿದೆ. ಕರಾವಳಿಯ ಪಂಜರಗಳಲ್ಲಿ ಸೀಬಾಸ್ ಸಾಕುವವರಿಗೆ ಇಂಥದ್ದು ಲೆಕ್ಕಕ್ಕೆ ಬರುತ್ತದೆ.

ಕಾಟ್ಲಾ, ರೋಹುವಿನಂಥ ಗೆಂಡೆ ಜಾತಿಯ ಮೀನಿಗೆ ಬೇಕಿರುವುದು ಆಹಾರದಲ್ಲಿ ಕೊಡುವ ಲಸಿಕೆ. ಇದರಲ್ಲಿ ಮಂಗಳೂರಿನ ಮೀನುಗಾರಿಕೆ ಕಾಲೇಜಿನ ಹೆಸರು ಹಳೆಯದು. ಏರೋಮೊನಾಸ್ ಹೈಡ್ರೋಫಿಲಾ ಎಂಬ ಬ್ಯಾಕ್ಟೀರಿಯಾವನ್ನು ಕೈಟಿನ್ ಚೂರುಗಳ ಮೇಲೆ ಬಯೋಫಿಲ್ಮ್ ಆಗಿ, ಅಂದರೆ ಲೋಳೆಪದರವಾಗಿ, ಬೆಳೆಸಿ, ಕೊಂದು, ಮೀನಿನ ಆಹಾರಕ್ಕೆ ಬೆರೆಸಿದರು. ಸೀಗಡಿ ಚಿಪ್ಪಿನಲ್ಲಿ ಇರುವುದು ಇದೇ ಕೈಟಿನ್. 1999ರಲ್ಲಿ ಈ ಕೆಲಸ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಬಂತು. ಬಿಡಿ ಬ್ಯಾಕ್ಟೀರಿಯಾ ಜೀರ್ಣವಾಗಿ ಹೋಗುತ್ತಿತ್ತು. ಲೋಳೆ ಹೊದ್ದದ್ದು ಕರುಳಿನ ಹಿಂಭಾಗದವರೆಗೂ ಉಳಿದುಕೊಂಡು ಹೋಯಿತು, ಗುಲ್ಮ, ಕಿಡ್ನಿಗಳಲ್ಲಿ ಹೆಚ್ಚು ದಿನ ನಿಂತಿತು. ರೋಗಾಣುವಿನ ಗುರುತು ತುಂಬಾ ದಿನ ಕಣ್ಣೆದುರಿಗೆ ಇದ್ದರೆ ಬಿ ಕೋಶ ತುಂಬಾ ದಿನ ಕೆಲಸದಲ್ಲಿರುತ್ತದೆ. ಬಾಫ್ ಹೊರಗಿನಿಂದ ಸುರಿಯದೆ ಆಯಸ್ಸು ಹೆಚ್ಚಿಸುವ ದಾರಿಯೂ ಇದೆ ಅಂತಾಯಿತು. ಈ ಹಳೆಯ ಕೆಲಸವನ್ನು ಹೊಸ ಕಣ್ಣಿನಿಂದ ನೋಡಿ, ಅಂಥ ಮೀನಿನ ಕರುಳಿನಲ್ಲಿ ಬಾಫ್ ಎಷ್ಟು ಏರುತ್ತದೆ ಎಂದು ಅಳೆಯುವುದು ಒಳ್ಳೆಯ ಸಂಶೋಧನೆಯ ವಿಷಯ.

ಇನ್ನೊಂದು ಬಿಸಿಲಿನ ವಿಷಯ. ಮೀನು ತಣ್ಣನೆ ರಕ್ತದ ಪ್ರಾಣಿ. ಅದರ ರೋಗನಿರೋಧಕ ಶಕ್ತಿಯ ಗಡಿಯಾರ ಓಡುವುದು ನೀರಿನ ಬಿಸಿಯ ಮೇಲೆ. ಅದಕ್ಕೇ ಸಾಲ್ಮನ್ ಸಾಕುವವರು 'ಡಿಗ್ರಿ-ದಿನ' ಎಂದು ಎಣಿಸುತ್ತಾರೆ. ನೀರಿನ ಡಿಗ್ರಿಯನ್ನು ದಿನಗಳಿಂದ ಗುಣಿಸುವುದು. ಲಸಿಕೆ ಫಲ ಕೊಡಲು ಸುಮಾರು 400ರಿಂದ 500 ಡಿಗ್ರಿ-ದಿನ ಬೇಕು ಎನ್ನುವುದು ರೂಢಿಯ ಲೆಕ್ಕ. 10 ಡಿಗ್ರಿ ನೀರಿನಲ್ಲಿ 400ಕ್ಕೆ 40 ದಿನ. ನಮ್ಮ 28 ಡಿಗ್ರಿಯ ಹೊಂಡಕ್ಕೆ ಅದೇ ಲೆಕ್ಕ ಹಿಡಿದರೆ ಎರಡು ವಾರ. ಬೇಗ ಬರುತ್ತದೆ ಎಂದು ಖುಷಿಪಡುವ ಮೊದಲು ಇನ್ನೊಂದು ಮಗ್ಗುಲೂ ನೋಡಬೇಕು: ಬೆಚ್ಚಗಿನ ನೀರಿನಲ್ಲಿ ಕೋಶಗಳ ಸಾವೂ ಬೇಗ, ಬ್ಯಾಕ್ಟೀರಿಯಾದ ಬೆಳೆಯೂ ಬೇಗ. ತಣ್ಣೀರಿನ ಟ್ರೌಟ್‌ನಲ್ಲಿ ಕಂಡ ಆಯಸ್ಸು ಹೊಸಪೇಟೆ ಕಡೆಯ ರೋಹುವಿಗೆ ಹಾಗೇ ಹೊಂದುವುದಿಲ್ಲ.

ತಿನ್ನುವವರಿಗೆ ಏನಾದರೂ ಆಗುತ್ತಾ?

ಮುಂದೆ ಎರಡು ದಾರಿ ಕಾಣುತ್ತವೆ. ಒಂದು, ಬಾಫ್ ಪ್ರೋಟೀನನ್ನೇ ತಯಾರಿಸಿ ಲಸಿಕೆಗೆ ಬೆರೆಸುವುದು. ಪ್ರೋಟೀನು ಮೈಯಲ್ಲಿ ತುಂಬಾ ದಿನ ನಿಲ್ಲುವುದಿಲ್ಲ, ತಯಾರಿಸುವ ಖರ್ಚೂ ಜಾಸ್ತಿ. ಹಾಗಾಗಿ ದುಬಾರಿ ಮೀನಿಗೆ ಮಾತ್ರ. ಇನ್ನೊಂದು, ಬಾಫ್ ಜೀನನ್ನು ಡಿಎನ್‌ಎ ಲಸಿಕೆಯಲ್ಲಿ ಇಟ್ಟು ಮೀನಿನ ಮಾಂಸಖಂಡವೇ ಒಂದಷ್ಟು ದಿನ ಅದನ್ನು ತಯಾರಿಸುವ ಹಾಗೆ ಮಾಡುವುದು. ಡಿಎನ್‌ಎ ಲಸಿಕೆ ಮೀನಿಗೆ ಹೊಸದಲ್ಲ. ಸಾಲ್ಮನ್‌ನ ಪ್ಯಾಂಕ್ರಿಯಾಸ್ ರೋಗಕ್ಕೆ ಅಂಥದ್ದೊಂದಕ್ಕೆ ಯುರೋಪ್ ಒಕ್ಕೂಟ 2017ರಲ್ಲಿ ಒಪ್ಪಿಗೆ ಕೊಟ್ಟಿದೆ. ಆದರೆ ಅದರಲ್ಲಿ ಇದ್ದದ್ದು ವೈರಸ್‌ನ ಜೀನ್. ಮೀನಿನದೇ ಸಂದೇಶ ಪ್ರೋಟೀನಿನ ಜೀನ್ ಇಟ್ಟರೆ, ಎಷ್ಟು ದಿನ ಅದು ಚಾಲೂ ಇರುತ್ತದೆ, ಯಾವಾಗ ನಿಲ್ಲುತ್ತದೆ ಎಂದು ಒಪ್ಪಿಗೆ ಕೊಡುವವರು ಮೊದಲು ಕೇಳುತ್ತಾರೆ. ಕೇಳಲೇಬೇಕು, ಸಾಲ್ಮನ್‌ನ 2008ರ ವರದಿ ಅವರ ಮೇಜಿನ ಮೇಲೂ ಇರುತ್ತದೆ.

ಓದುಗರು ಕೇಳುವುದು ಬೇರೆ: ಲೂಪಸ್ ಜೊತೆ ಹೆಸರು ಕೇಳಿಬರುವ ಪ್ರೋಟೀನು ಹಾಕಿದ ಮೀನು ತಿಂದರೆ ನಮಗೇನಾದರೂ ಆಗುತ್ತಾ? ಬಾಫ್ ಒಂದು ಪ್ರೋಟೀನು. ಬಿಸಿ ತಾಗಿದರೆ ಮೊಟ್ಟೆಯ ಬಿಳಿಯ ಹಾಗೆ ಅದರ ಆಕಾರ ಕೆಡುತ್ತದೆ, ಆಕಾರ ಕೆಟ್ಟರೆ ಪೀಠದ ಮೇಲೆ ಕೂರಲಾರದು. ಸಾರಿನಲ್ಲಿ ಕುದ್ದು ಉಳಿದದ್ದನ್ನು ಹೊಟ್ಟೆಯ ಆಮ್ಲ, ಕಿಣ್ವಗಳು ಚೂರು ಮಾಡುತ್ತವೆ. ಅದಕ್ಕೇ ಬೆಲಿಮುಮಾಬ್ ಕೂಡ ಮಾತ್ರೆಯಾಗಿ ಬಂದಿಲ್ಲ. ಅದೂ ಪ್ರೋಟೀನೇ, ನುಂಗಿದರೆ ಜೀರ್ಣವಾಗಿ ಹೋಗುತ್ತದೆ. ಅಷ್ಟಕ್ಕೂ ಮೀನು ತನ್ನ ಬಾಫ್ ತಾನೇ ಮಾಡಿಕೊಳ್ಳುತ್ತದೆ. ಲಸಿಕೆಯ ಮುಖ ಕಾಣದ ಕೆರೆ ಮೀನಿನ ಗುಲ್ಮದಲ್ಲೂ ಅದು ಇದ್ದೇ ಇರುತ್ತದೆ, ಅದನ್ನು ಕರುಳಿನ ಜೊತೆ ಕಿತ್ತು ಬೆಕ್ಕಿಗೆ ಹಾಕಿರುತ್ತೇವೆ.